ಬಲಭುಜಕ್ಕೊಂದು ವಿನಾಯಿತಿ

ಹೌನ್ಸ್ಲೋದ ಹೈಸ್ಟ್ರೀಟಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಅಕೌಂಟ್ಸ್ ಆಫೀಸು. ಸುತ್ತಲಿನ ಸಣ್ಣಪುಟ್ಟ ಅಂಗಡಿ, ಹೋಟೆಲುಗಳ ನೌಕರರ ಸಂಬಳ ಪಟ್ಟಿ ಮಾಡುವುದು ನನ್ನ ಕೆಲಸ. ಆ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ದಕ್ಷಿಣ ಭಾರತದ ಊಟದ ಹೋಟೆಲೊಂದನ್ನು ನಡೆಸುವ ಕುಂದಾಪುರದವರೊಬ್ಬರು ಒದ್ದೆ ಕೋಟಿನಲ್ಲೇ ಬಂದು ನನ್ನ ಮೇಜಿನ ಎದುರು ಕೂತರು. ಪ್ರತಿ ವಾರ ಕೆಲಸದ ಗಂಟೆಗಳ ಚೀಟಿ ತಂದು ಕೊಟ್ಟು ಹೋಗುವವರು, ಅವತ್ತು ಹೋಗಲಿಲ್ಲ.

"ಮೇಡಂ, ನನ್ನ ಹನ್ನೊಂದು ಜನಕ್ಕೂ ಹೆಲ್ತ್ ಇನ್ಶೂರೆನ್ಸ್ ಮಾಡಿಸಬೇಕು. ಸರ್ಕಾರದಿಂದ ಎಷ್ಟು ವಾಪಸ್ ಬರ್ತದೆ ಅಂತ ಹೇಳಿ."

"ಯಾರು ಹೇಳಿದ್ರು ವಾಪಸ್ ಬರ್ತದ ಅಂತ?"

"ನನ್ನ ಭಾವ. ಅಮೆರಿಕದಲ್ಲಿ ಅವನದ್ದೂ ಹೋಟೆಲೇ. ಅಲ್ಲಿ ಸಣ್ಣ ಮಾಲೀಕರು ಕೆಲಸದವರಿಗೆ ಇನ್ಶೂರೆನ್ಸ್ ಮಾಡಿಸಿದ್ರೆ ಕಟ್ಟಿದ್ದರಲ್ಲಿ ಒಂದು ಪಾಲು ಟ್ಯಾಕ್ಸಿನಲ್ಲಿ ಕಳೀತಾರಂತೆ. ಇಲ್ಲೂ ಇರ್ತದಲ್ಲ?"

ಇಲ್ಲಿ ಹಾಗಿರಲಿಲ್ಲ. ಇಲ್ಲಿನ ಲೆಕ್ಕ ಹೆಚ್ಚುಕಡಿಮೆ ತಲೆಕೆಳಗು. ಮಾಲೀಕ ಕಟ್ಟಿದ ಕಂತನ್ನು ನೌಕರನ ಆದಾಯದ ಜೊತೆ ಸೇರಿಸುತ್ತಾರೆ, ಅದರ ಮೇಲೆ ನೌಕರ ತೆರಿಗೆ ಕೊಡಬೇಕು. ಮಾಲೀಕ ಬೇರೆ ಅದರ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಬೇಕು. ಇದನ್ನು ಹೇಳಿದಾಗ ಅವರು ನನ್ನನ್ನು, ಆ ಕಾನೂನು ಬರೆದವಳು ನಾನೇ ಎಂಬಂತೆ ನೋಡಿದರು.

"ಒಳ್ಳೇದು ಮಾಡ್ಲಿಕ್ಕೆ ಹೋದ್ರೆ ದಂಡವಾ?"

ಇಷ್ಟು ಆತುರ ಯಾಕೆಂದು ಕೇಳಿದೆ. ಆಗ ವಿಷಯ ಹೊರಗೆ ಬಂತು. ಅವರ ಹೋಟೆಲಿನ ಮುಖ್ಯ ಅಡುಗೆಯವರಿಗೆ ಬಲಭುಜ ಹಿಡಿದುಕೊಂಡಿತ್ತು. ಐವತ್ತು ದಾಟಿದ ಆಸಾಮಿ, ಅವರದೂ ಅದೇ ಊರಿನ ಕಡೆ. ಹೋಟೆಲು ತೆರೆದ ದಿನದಿಂದ ದೋಸೆಯ ಕಾವಲಿ ಅವರದೇ. ಜಿಪಿ, ಅಂದರೆ ಸರ್ಕಾರಿ ಫ್ಯಾಮಿಲಿ ಡಾಕ್ಟರು, ಎರಡು ವಾರ ಕೆಲಸ ಮಾಡಬಾರದೆಂದು ಚೀಟಿ ಬರೆದು ಫಿಸಿಯೋಥೆರಪಿಗೆ ಹೆಸರು ಹಾಕಿದ್ದರು. ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ ಎಂದಿದ್ದರಂತೆ.

"ಅಷ್ಟರಲ್ಲಿ ಅವರ ಕೈ ಹೋಗ್ತದೆ, ನನ್ನ ಹೋಟೆಲೂ ಹೋಗ್ತದೆ," ಎಂದರು ಮಾಲೀಕರು.

ಆ ವಾರ ನಾನು ವಿಮಾ ದಲ್ಲಾಳಿಯೊಬ್ಬನ ಜೊತೆ ಫೋನಿನಲ್ಲಿ ಕಳೆದೆ. ಮೂರು ಸಲ ಮಾತಾಡಿದೆ. ಮೂರು ಸಲವೂ ಅವನು ಬಹಳ ಖುಷಿಯಿಂದಿದ್ದ. ಹನ್ನೊಂದು ಜನರ ವಯಸ್ಸು, ಪೋಸ್ಟ್‌ಕೋಡ್ ಎಲ್ಲ ಕಳಿಸಿದ ಮೇಲೆ ಬಂದ ಕಾಗದದ ನಾಲ್ಕನೇ ಪುಟದಲ್ಲಿ ಅಸಲು ಸಂಗತಿ ಇತ್ತು. ಕಳೆದ ಐದು ವರ್ಷಗಳಲ್ಲಿ ಕಾಣಿಸಿಕೊಂಡ ಯಾವ ತೊಂದರೆಗೂ, ಪಾಲಿಸಿ ಶುರುವಾಗಿ ಎರಡು ವರ್ಷ ಆ ತೊಂದರೆಯಿಲ್ಲದೆ ಕಳೆಯುವ ತನಕ ಏನೂ ಸಿಗುವುದಿಲ್ಲ. ಅಂದರೆ, ಯಾವ ಭುಜಕ್ಕಾಗಿ ಈ ಇನ್ಶೂರೆನ್ಸ್ ಹುಡುಕುತ್ತಿದ್ದೆವೋ ಆ ಭುಜವನ್ನು ಬಿಟ್ಟು ಅಡುಗೆಯವರ ಉಳಿದ ದೇಹಕ್ಕೆಲ್ಲ ರಕ್ಷಣೆ ಇತ್ತು.

ಮಾಲೀಕರು ಆ ಕಾಗದವನ್ನು ಓದಿ ಮಡಿಸಿ ಜೇಬಿಗಿಟ್ಟರು. "ಅಲ್ಲ ಮಾರಾಯ್ರೆ, ಹಾಗಾದ್ರೆ ನಾನೇ ಪ್ರೈವೇಟ್ ಫಿಸಿಯೋಗೆ ಕೊಡ್ತೇನೆ. ಅದಕ್ಕೂ ಟ್ಯಾಕ್ಸಾ?"

"ಅದಕ್ಕೂ ರೀ."

"ಅಡುಗೆಯವರು ಒಪ್ಪುದಿಲ್ಲ. ಹಿಂದೆ ಎಲ್ಲೋ, ಸಂಬಳದಿಂದ ಎಷ್ಟು ಕಳೀಬೇಕು ಅನ್ನುವ ಟ್ಯಾಕ್ಸ್ ಕೋಡ್ ತಪ್ಪಾಗಿ ಎರಡು ತಿಂಗಳು ಸಂಬಳ ಕಡಿಮೆ ಬಂದದ್ದನ್ನು ಇವತ್ತಿಗೂ ಹೇಳ್ತಾರೆ. ಅವರ ಕೋಡ್ ಮುಟ್ಟುವ ಯಾವ ವ್ಯವಹಾರವೂ ಬೇಡ."

ಆ ಮಧ್ಯಾಹ್ನ ನಿಯಮಗಳನ್ನು ಕೆದಕುತ್ತ ಕೂತಾಗ ಒಂದು ವಿನಾಯಿತಿ ಕಣ್ಣಿಗೆ ಬಿತ್ತು. ಅದು ಜಾರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ನಮ್ಮ ಆಫೀಸಿನಲ್ಲಿ ಯಾರೂ ಬಳಸಿರಲಿಲ್ಲ. ಕಾಯಿಲೆ ಬಿದ್ದ ನೌಕರನನ್ನು ಕೆಲಸಕ್ಕೆ ಮರಳಿಸಲು ಮಾಲೀಕ ಚಿಕಿತ್ಸೆ ಕೊಡಿಸಿದರೆ ವರ್ಷಕ್ಕೆ ಐನೂರು ಪೌಂಡಿನವರೆಗೆ ತೆರಿಗೆಯಿಲ್ಲ. ಷರತ್ತು ಎರಡು. ಒಂದು, ನೌಕರ ಸತತ ಇಪ್ಪತ್ತೆಂಟು ದಿನ ಗೈರಾಗಿರಬೇಕು, ಇಲ್ಲವೇ ಅಷ್ಟು ದಿನ ಕೆಲಸಕ್ಕೆ ಆಗುವುದಿಲ್ಲವೆಂದು ವೈದ್ಯಕೀಯ ವೃತ್ತಿಯವರೊಬ್ಬರು ಅಂದಾಜು ಹೇಳಿರಬೇಕು. ಎರಡು, ಈ ಚಿಕಿತ್ಸೆ ಬೇಕೆಂಬ ಶಿಫಾರಸು ನೌಕರರ ಆರೋಗ್ಯ ನೋಡಿಕೊಳ್ಳುವ ಸೇವೆಯವರಿಂದ ಬರಹದಲ್ಲಿ ಬಂದಿರಬೇಕು. ಬರೀ ಜಿಪಿ ಬರೆದುಕೊಟ್ಟರೆ ಸಾಲದು.

ಮಾಲೀಕರಿಗೆ ಫೋನ್ ಮಾಡಿದೆ. "ಒಂದು ದಾರಿ ಸಿಕ್ಕೈತ್ರಿ. ಅವರು ಗೈರಾಗಿ ಎಷ್ಟು ದಿನ ಆತು?"

"ಹದಿನಾರು."

"ಇನ್ನು ಹನ್ನೆರಡು ದಿನ ಮನೆಯಲ್ಲೇ ಇರಲಿ. ದಯವಿಟ್ಟು ಕಿಚನ್ ಕಡೆ ಕಾಲಿಡೋದು ಬ್ಯಾಡ."

ಸುಲಭವೆಂದುಕೊಂಡೆ. ನಾನು ಮಾಡಬೇಕಾಗಿದ್ದದ್ದು ದಿನ ಎಣಿಸುವುದಷ್ಟೇ. ಜಿಪಿ ಇನ್ನೊಂದು ವಾರದ ಚೀಟಿ ಕೊಟ್ಟಿದ್ದರು, ಅದು ಮುಗಿದಾಗ ಮತ್ತೆ ತೋರಿಸಲು ಹೇಳಿದ್ದರು. ನಾನು ಆ ಚೀಟಿಗಳ ನಕಲುಗಳನ್ನು ಫೈಲಿಗೆ ಹಾಕಿ, ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟನೇ ದಿನಕ್ಕೆ ಗುರುತು ಮಾಡಿದೆ. ಈ ನಡುವೆ ಅಡುಗೆಯವರಿಗೆ ಒಂದೇ ಒಂದು ಸಲ ಫೋನ್ ಮಾಡಿದ್ದೆ, ಅದೂ ಅವರ ಹುಟ್ಟಿದ ದಿನಾಂಕ ಕೇಳುವುದಕ್ಕೆ.

"ಹೇಗಿದೆ ಅಣ್ಣಾ ಭುಜ?"

"ಸಮ ಆಯ್ತ್ ಮೇಡಂ. ಎಂತ ಇಲ್ಲೆ," ಎಂದು ಅವರು ಫೋನ್ ಇಟ್ಟಿದ್ದರು.

ಮುಂದಿನ ಬುಧವಾರ ಮಾಲೀಕರು ವಾರದ ಚೀಟಿ ತಂದು ಕೊಟ್ಟರು. ಗಂಟೆಗಳನ್ನು ಕಂಪ್ಯೂಟರಿಗೆ ತುಂಬಿಸುತ್ತ ಬಂದವಳು ಭಾನುವಾರದ ಸಾಲಿನಲ್ಲಿ ನಿಂತೆ. ಅಡುಗೆಯವರ ಹೆಸರಿನ ಮುಂದೆ ಐದು ಗಂಟೆ ಎಂದಿತ್ತು.

"ಇದೇನ್ರಿ?"

ಮಾಲೀಕರು ಕಿಟಕಿಯ ಕಡೆ ನೋಡಿದರು. "ನಾಮಕರಣದ ಊಟ ಒಂದು ಒಪ್ಕೊಂಡಿದ್ದೆ. ತೊಂಬತ್ತು ಜನ. ಬದಲಿ ಅಡುಗೆಯವ ಬರ್ಲಿಲ್ಲ. ನಾನು ಕರೀಲಿಲ್ಲ ಮೇಡಂ, ದೇವರಾಣೆ. ಇವರೇ ಯಾರ ಹತ್ರವೋ ಕೇಳಿ ತಿಳ್ಕೊಂಡು ಬಸ್ ಹತ್ತಿ ಬಂದ್ರು. ಎಡಗೈಯಲ್ಲೇ ಎಲ್ಲ ಮಾಡಿದ್ರು."

ಬೆರಳು ಮಡಿಸಿ ಎಣಿಸಿದೆ. ಆ ಭಾನುವಾರ ಇಪ್ಪತ್ತೆರಡನೇ ದಿನ. ಲೆಕ್ಕ ಅಲ್ಲಿಗೇ ಮುರಿದುಬಿದ್ದಿತ್ತು. ಮತ್ತೆ ಒಂದರಿಂದ ಶುರುಮಾಡಬೇಕು, ಆದರೆ ಅವರು ಸೋಮವಾರ, ಮಂಗಳವಾರ ಕೂಡ ಅರ್ಧರ್ಧ ದಿನ ಕೆಲಸಕ್ಕೆ ಬಂದಿದ್ದರು. ಜಿಪಿಯ ಹತ್ತಿರ ಮತ್ತೆ ಹೋಗಿರಲೂ ಇಲ್ಲ.

"ಆ ಮೂರು ದಿನ ತೆಗೆದುಬಿಡಿ," ಎಂದರು ಮಾಲೀಕರು ದನಿ ತಗ್ಗಿಸಿ. "ಆ ಗಂಟೆಗಳದ್ದು ನಾನು ಕೈಯಲ್ಲೇ ಕೊಡ್ತೇನೆ. ಪೇಪರಲ್ಲಿ ಅವರು ಮನೆಯಲ್ಲೇ ಇದ್ದಾರೆ."

"ತೆಗ್ಯಾಕ್ ಬರಂಗಿಲ್ರಿ."

"ಯಾರಿಗೆ ಗೊತ್ತಾಗ್ತದೆ?"

ಸಿಟ್ಟು ಬಂದರೆ ನನ್ನ ಬಾಯಲ್ಲಿ ಪೂರ್ತಿ ಧಾರವಾಡವೇ ಬರುತ್ತದೆ. "ನನಗ ಗೊತ್ತಾಗೈತಲ್ರಿ! ತೊಂಬತ್ತು ಮಂದಿ ನೋಡ್ಯಾರ. ನಾಳೆ ಅದೇ ಕಿಚನ್‌ನಾಗ ಅವರ ಕೈ ಮುರೀತಂದ್ರ, ಅವತ್ತು ಅವರು ಅಲ್ಲಿ ಇರ್ಲೇ ಇಲ್ಲ ಅಂತ ನಾನು ಬರದ ಕೊಟ್ಟಂಗಾತು. ಅವರು ಯಾರನ್ನ ಕೇಳಬೇಕು ಆಮ್ಯಾಲ?"

ಅವರು ಕುರ್ಚಿಯನ್ನು ಶಬ್ದವಾಗುವಂತೆ ಹಿಂದೆ ತಳ್ಳಿ ಎದ್ದು ಹೋದರು. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೆಳಗಿನ ಅಂಗಡಿಯ ತನಕ ಕೇಳಿಸಿತು.

ನಮ್ಮ ಆಫೀಸಿನ ಹಿರಿಯ ಅಕೌಂಟೆಂಟ್ ಗಾಜಿನ ಬಾಗಿಲ ಆಚೆಯಿಂದ ಎಲ್ಲ ನೋಡಿದ್ದರು. ಗುಜರಾತಿನವರು, ನೈರೋಬಿಯಲ್ಲಿ ಹುಟ್ಟಿ ಇಲ್ಲೇ ತಲೆ ನರೆತವರು. ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು. "ಈ ವಿನಾಯಿತಿಯಿಂದ ಆ ಅಡುಗೆಯವನಿಗೆ ಉಳಿಯುವ ತೆರಿಗೆ ಎಷ್ಟು?"

"ಐನೂರಕ್ಕೆ ನೂರು ಪೌಂಡ್."

"ನೀನು ಇದಕ್ಕೆ ಹಾಕಿರುವ ಗಂಟೆಗಳು?"

ಎಷ್ಟೆಂದು ಆಗಲೇ ಅವರಿಗೆ ಗೊತ್ತಿತ್ತು. "ಫೈಲ್ ಮುಚ್ಚು," ಎಂದರು. "ಮುಂದಿನ ಶುಕ್ರವಾರದೊಳಗೆ."

ಅವರು ಹೇಳಿದ್ದು ನ್ಯಾಯವೇ ಆಗಿತ್ತು, ಅದೇ ನನಗೆ ಹೆಚ್ಚು ಉರಿ ತಂದದ್ದು. ಯಾರ ಮೇಲೆ ಸಿಟ್ಟೆಂದು ನನಗೇ ಸ್ಪಷ್ಟವಿರಲಿಲ್ಲ. ನಿಯಮ ಬರೆದವರ ಮೇಲೆ, ಮಾಲೀಕರ ಮೇಲೆ, ಸುಮ್ಮನೆ ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿದ ಆ ಅಡುಗೆಯವರ ಮೇಲೂ. ಪೂರ್ತಿ ಕೆಟ್ಟು ಕೂತವನಿಗೆ ಮಾತ್ರ ಸಹಾಯ, ಹಲ್ಲು ಕಚ್ಚಿ ನಿಂತವನಿಗೆ ಇಲ್ಲ. ಇದು ಯಾವ ಸೀಮೆಯ ಲೆಕ್ಕ ಎಂದು ಬೈದುಕೊಳ್ಳುತ್ತಲೇ ನಿಯಮವನ್ನು ಮತ್ತೊಮ್ಮೆ ತೆರೆದೆ. ನಾನು ಗೈರುಹಾಜರಿಯ ದಿನಗಳ ಹಿಂದೆ ಬಿದ್ದು, ಅದರ ಪಕ್ಕದಲ್ಲೇ ಇದ್ದ 'ಇಲ್ಲವೇ' ಎಂಬ ಮಾತನ್ನು ಕೈಬಿಟ್ಟಿದ್ದೆ. ಇಪ್ಪತ್ತೆಂಟು ದಿನ ಆಗಿಹೋಗಿರಬೇಕೆಂದೇನೂ ಇಲ್ಲ. ಅಷ್ಟು ದಿನ ಇವರಿಂದ ಕೆಲಸ ಸಾಧ್ಯವಿಲ್ಲವೆಂದು ತಿಳಿದವರು ಪರೀಕ್ಷಿಸಿ ಹೇಳಿದರೂ ಸಾಕು.

ಹಾಗೆ ಪರೀಕ್ಷಿಸುವ ಖಾಸಗಿ ಸೇವೆಯೊಂದನ್ನು ಹುಡುಕಿದೆ. ಅಲ್ಲಿನ ನರ್ಸ್ ಫೋನಿನಲ್ಲೇ ಮಾತಾಡಿಸಿ, ಬೇಕಾದರೆ ಕರೆಸಿ ನೋಡಿ, ವರದಿ ಕೊಡುತ್ತಾರೆ. ಮಾಲೀಕರಿಗೆ ಸಂದೇಶ ಕಳಿಸಿದೆ. ಒಂದು ದಿನ ಉತ್ತರವಿರಲಿಲ್ಲ. ಮರುದಿನ "ಮಾಡಿ" ಎಂದಷ್ಟೇ ಬಂತು. ನೌಕರನ ಒಪ್ಪಿಗೆ ಪತ್ರ ಬೇಕಿತ್ತು. ಅದು ಮೂರು ಪುಟಗಳ ಇಂಗ್ಲಿಷ್ ಕಾಗದ. ಮಾಲೀಕರ ಕೈಯಲ್ಲಿ ಕಳಿಸಿದೆ, ಸಹಿಯಾಗಿ ಬಂತು. ಅಡುಗೆಯವರ ಇಂಗ್ಲಿಷ್ ಆರ್ಡರ್ ಕೂಗುವಷ್ಟೇ ಇದ್ದುದರಿಂದ, ನಾನು ನಡುವೆ ಕೂತು ಅನುವಾದಿಸುವುದೆಂದು ನರ್ಸ್ ಜೊತೆ ಮಾತಾಯಿತು.

ಮುಂದಿನ ವಾರದ ಆ ಶುಕ್ರವಾರ ಬೆಳಿಗ್ಗೆ ಅಡುಗೆಯವರು ಆಫೀಸಿಗೆ ಬಂದರು. ಅವರನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಸಪೂರ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ದಪ್ಪ ಜಾಕೆಟ್ಟು. ಜಾಕೆಟ್ಟಿನ ಬಲತೋಳು ಖಾಲಿ ಜೋತಾಡುತ್ತಿತ್ತು, ಕೈ ಒಳಗಿತ್ತು. ಹಳೇ ಫೈಲುಗಳ ಪೆಟ್ಟಿಗೆಗಳಿದ್ದ ಹಿಂದಿನ ಕೋಣೆಯಲ್ಲಿ ಕೂತು ಸ್ಪೀಕರ್ ಹಾಕಿದೆ.

ನರ್ಸ್ ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು. ಬಲಗೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಲು ಆಗುತ್ತದೆಯೇ?

"ಆತ್ತ್," ಎಂದರು ಅಡುಗೆಯವರು.

ಆಗುತ್ತದಂತೆ ಎಂದು ಹೇಳಿದೆ.

ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು?

ಅವರು ಸ್ವಲ್ಪ ಯೋಚಿಸಿದರು. "ಎರಡ್."

ಅವರ ಮುಖ ನೋಡಿದೆ. ಅವರು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತಿದ್ದರು. ಎರಡು ಎಂದೇ ನರ್ಸ್‌ಗೆ ಹೇಳಿದೆ. ನರ್ಸ್ ಟೈಪ್ ಮಾಡುವ ಸದ್ದು ಕೇಳಿಸಿತು. ಇನ್ನು ಇಂಥ ಎರಡು ಉತ್ತರ ಹೋದರೆ ಎಲ್ಲ ಮುಗಿಯುತ್ತಿತ್ತು. ಕೆಲಸಕ್ಕೆ ಯೋಗ್ಯ ಎಂದು ವರದಿ ಬರುತ್ತಿತ್ತು, ಹಿರಿಯರು ಹೇಳಿದ ಹಾಗೆ ಫೈಲೂ ಅವತ್ತೇ ಮುಚ್ಚುತ್ತಿತ್ತು.

ಎರಡರ ಬದಲು ಎಂಟು ಎಂದು ನಾನೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಅದು. ಆದರೆ ಮಾಲೀಕರು ಮೂರು ದಿನ ತೆಗೆಯಿರಿ ಎಂದಾಗ ಅಷ್ಟೆಲ್ಲ ಕೂಗಾಡಿದವಳು ನಾನೇ. ನರ್ಸ್‌ಗೆ ಐದು ನಿಮಿಷ ಕೊಡಿ ಎಂದು ಕೇಳಿ ಫೋನನ್ನು ಮ್ಯೂಟ್ ಮಾಡಿದೆ.

"ಅಣ್ಣಾ, ನೀವು ಎರಡು ಅಂದ್ರೆ ನಾನೂ ಎರಡು ಅಂತಲೇ ಹೇಳಬೇಕು. ಈ ಜಾಕೆಟ್ಟಿನ ತೋಳು ಯಾಕೆ ಹಾಕಿಲ್ಲ?"

ಅವರು ಎಡಗೈಯಿಂದ ಖಾಲಿ ತೋಳನ್ನು ಹಿಂದಕ್ಕೆ ಸರಿಸಿದರು.

"ಈ ಫೋನ್ ಯಾಕೆ ಮಾಡ್ತಿದ್ದೀವಿ ಗೊತ್ತಾ ನಿಮಗೆ?"

"ಗೊತ್ತಿತ್ತ್. ಕೆಲ್ಸಕ್ಕೆ ಆತಿಲ್ಲೆ ಅಂತ ಬರ್ಸ್ಕಂಬುಕೆ." ದನಿ ಸಣ್ಣದಾಯಿತು. "ಮೇಡಂ, ಮುಂಚೆ ಇದ್ದ ಹೋಟ್ಲಂಗೆ ಒಬ್ರಿದ್ರ್. ಬೆನ್ನ್ ನೋವಂತ ಅವ್ರಿಗೂ ಹಿಂಗೇ ಒಂದ್ ಕಾಗ್ದ ಮಾಡ್ಸಿದ್ರ್. ತಿರ್ಗಿ ಬಪ್ಪ ಹೊತ್ತಿಗೆ ಅವ್ರ ಜಾಗದಂಗೆ ಬೇರೆಯವ್ರಿದ್ರ್. ಧಣಿಗಳು ನಂಗೆ ಅನ್ನ ಹಾಕ್ದವ್ರ್, ಬಾಯಲ್ಲಿ ಹೇಳುಕೆ ಮನ್ಸ್ ಬತ್ತಿಲ್ಲೆ, ಅದ್ಕೆ ಕಾಗ್ದದಂಗೆ ಮಾಡ್ತಿದ್ರ್ ಅಂದ್ಕಂಡೆ."

ಹತ್ತಿರ ಹತ್ತಿರ ನಾಲ್ಕು ವಾರ ನಾನು ದಲ್ಲಾಳಿಯ ಜೊತೆ, ಮಾಲೀಕರ ಜೊತೆ, ನಿಯಮಗಳ ಜೊತೆ ಮಾತಾಡಿದ್ದೆ. ಯಾರ ಭುಜವೋ ಅವರ ಜೊತೆ, ಅವರ ಭಾಷೆ ನನ್ನ ಬಾಯಲ್ಲಿದ್ದೂ, ಹುಟ್ಟಿದ ದಿನಾಂಕ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಏನಿದೆ ಎಂದು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ತಮ್ಮನ್ನು ಕೆಲಸದಿಂದ ಬಿಡಿಸುವ ಪತ್ರ ಎಂದುಕೊಂಡೇ ಅದಕ್ಕೆ ಎಡಗೈಯಲ್ಲಿ ಸಹಿ ಹಾಕಿ ಕಳಿಸಿದ್ದರು.

ನನಗೆ ಬರುವ ಕನ್ನಡದಲ್ಲಿ ಮೊದಲಿಂದ ಹೇಳಿದೆ. ಇದು ತೆಗೆದುಹಾಕುವ ಕಾಗದವಲ್ಲ, ನಿಮ್ಮ ಚಿಕಿತ್ಸೆಗೆ ಧಣಿಗಳು ಕೊಡುವ ದುಡ್ಡನ್ನು ನಿಮ್ಮ ಸಂಬಳಕ್ಕೆ ಸೇರಿಸದೆ ಇರಲು ಬೇಕಾದ ಕಾಗದ. ಅವರು ನಂಬಲಿಲ್ಲ. ನನ್ನ ಇನ್ನೊಂದು ಫೋನಿನಿಂದ ಮಾಲೀಕರಿಗೆ ಕರೆ ಮಾಡಿ ಅವರ ಕೈಗೆ ಕೊಟ್ಟೆ. ಆ ಕಡೆಯಿಂದ ಮಾಲೀಕರ ಗದರುವ ದನಿ ನನಗೂ ಕೇಳಿಸಿತು. "ನಿಮ್ಮನ್ನ ಬಿಡುಕೆ ನಂಗೆ ಮರ್ಲಾ, ಹುಚ್ಚಾ? ಇದ್ದದ್ದ್ ಇದ್ದಂಗೆ ಹೇಳಿ ಮಾರ್ರೆ ಆ ನರ್ಸಮ್ಮಂಗೆ!"

ಫೋನನ್ನು ನನಗೆ ವಾಪಸ್ ಕೊಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮ್ಯೂಟ್ ತೆಗೆದೆ.

"ಕೈ ಎತ್ತುಕೆ ಆತಿಲ್ಲೆ," ಎಂದರು ಸ್ಪೀಕರಿನ ಹತ್ತಿರ ಬಾಗಿ. "ತಲೆ ಬಾಚುಕೂ ಆತಿಲ್ಲೆ. ಅಂಗಿ ಬಟನ್ ಹೆಂಡ್ತಿಯೇ ಹಾಕ್ಕ್. ಬಲಕ್ಕೆ ತಿರ್ಗಿ ಮಲ್ಗಿ ಎರಡ್ ತಿಂಗ್ಳಾಯ್ತ್." ಒಂದೊಂದು ಸಾಲು ಮುಗಿದಾಗಲೂ ನಾನು ಇಂಗ್ಲಿಷಿಗೆ ತಂದೆ. ಮೊದಲು ಬೇರೆ ಉತ್ತರ ಕೊಟ್ಟಿದ್ದು ಯಾಕೆಂದು ನರ್ಸ್ ಕೇಳಿದರು. ಅದನ್ನೂ ಅನುವಾದಿಸಿದೆ. ಕೆಲಸ ಹೋಗುತ್ತದೆಂದು ಹೆದರಿದ್ದೆ ಎಂದರು. ನರ್ಸ್, ಹಾಗಿದ್ದರೆ ಕಣ್ಣಾರೆ ನೋಡಲೇಬೇಕೆಂದು ಸೋಮವಾರಕ್ಕೆ ಸಮಯ ಕೊಟ್ಟರು. ಆ ಸಂಜೆ ಹಿರಿಯರಿಗೆ, ಫೈಲ್ ಮುಚ್ಚಲಾಗಲಿಲ್ಲ, ಇದರ ಮುಂದಿನ ಗಂಟೆಗಳು ನನ್ನ ಊಟದ ಬಿಡುವಿನಲ್ಲಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು, ಬೇಡವೆನ್ನಲಿಲ್ಲ.

ಸೋಮವಾರ ನಾನೂ ಜೊತೆಗೆ ಹೋದೆ. ನರ್ಸ್ ಕೈಯನ್ನು ಅಳೆದು ನೋಡಿದರು. ಭುಜ ಬಿಗಿದುಕೊಂಡಿದೆ, ಕನಿಷ್ಠ ನಾಲ್ಕು ವಾರ ಅಡುಗೆಮನೆ ಸಲ್ಲದು, ಫಿಸಿಯೋ ಬೇಕೇಬೇಕು ಎಂದರು. ಬರಹದ ಶಿಫಾರಸು ಗುರುವಾರ ಬಂತು. ಮಾಲೀಕರು ಮಾತ್ರ ಅಷ್ಟು ದಿನ ತಾಳಲಾರದೆ ಬುಧವಾರವೇ ಒಂದು ಸಲದ ಫಿಸಿಯೋಗೆ ದುಡ್ಡು ಕಟ್ಟಿ ಅವರನ್ನು ಕರೆದೊಯ್ದಿದ್ದರು. ಶಿಫಾರಸಿಗಿಂತ ಒಂದು ದಿನ ಮೊದಲು! ಅದನ್ನು ವಿನಾಯಿತಿಯೊಳಗೆ ಸೇರಿಸಲು ಬರುವುದಿಲ್ಲ ಎಂದಾಗ ಮಾಲೀಕರು ತಲೆ ಚಚ್ಚಿಕೊಂಡರು. ನಾನು ಚಚ್ಚಿಕೊಳ್ಳಲಿಲ್ಲ ಅಷ್ಟೇ. ಆ ಒಂದು ಸಲದ್ದು ಅಡುಗೆಯವರ ಆದಾಯದಲ್ಲಿ ಸೇರಿತು. ಉಳಿದವು ಸೇರಲಿಲ್ಲ. ಕೋಡ್ ಕೊಂಚ ಬದಲಾಗುತ್ತದೆಂದು ಈ ಸಲ ನಾನೇ ಅವರ ಮನೆಗೆ ಹೋಗಿ, ಕಾಗದ ತೋರಿಸಿ, ಎಷ್ಟು ಪೌಂಡ್ ಎಂದು ಬರೆದು ಕೊಟ್ಟು ಬಂದೆ. "ಇಷ್ಟೆಯಾ?" ಎಂದರು ಅವರ ಹೆಂಡತಿ.

ಬೇಸಗೆ ಶುರುವಾಗುವ ಹೊತ್ತಿಗೆ ಅವರು ಕೆಲಸಕ್ಕೆ ಮರಳಿದರು. ಮೊದಲು ದಿನಕ್ಕೆ ಮೂರು ಗಂಟೆ, ಆಮೇಲೆ ಐದು. ಕೈ ಕಿವಿಯ ಮಟ್ಟದ ತನಕ ಏಳುತ್ತದೆ, ಅದರ ಮೇಲೆ ಹೋಗುವುದಿಲ್ಲ. ಮೇಲಿನ ಶೆಲ್ಫುಗಳನ್ನು ಮಾಲೀಕರು ಬಿಚ್ಚಿಸಿ ಕೆಳಗೆ ಹಾಕಿಸಿದರು. ಹನ್ನೊಂದು ಜನರ ಇನ್ಶೂರೆನ್ಸಿನ ಮಾತು ಅಲ್ಲಿಗೇ ನಿಂತುಹೋಯಿತು. ಆ ವರ್ಷವೂ ಅದು ಆಗಲಿಲ್ಲ, ಮುಂದಿನ ವರ್ಷವೂ ಆಗಲಿಲ್ಲ.

ಫಿಸಿಯೋದ ಕಡೆಯ ಬಿಲ್ಲು ಇಸಿದುಕೊಳ್ಳಲು ಒಂದು ಮಧ್ಯಾಹ್ನ ಹೋಟೆಲಿಗೆ ಹೋಗಿದ್ದೆ. ಹಿಂಬದಿಯ ಬಾಗಿಲಲ್ಲಿ ಪಾತ್ರೆ ತೊಳೆಯುವ ಹೆಂಗಸು ನನ್ನನ್ನು ತಡೆದರು. ನೇಪಾಳದವರು, ನಲವತ್ತರ ಹತ್ತಿರ ಇರಬಹುದು. ರಬ್ಬರಿನ ಕೈಗವಸು ಕಳಚಿ ಎರಡೂ ಮಣಿಕಟ್ಟುಗಳನ್ನು ತೋರಿಸಿದರು. ಬಾತಿದ್ದವು. ಅಡುಗೆಯವರಿಗೆ ಮಾಡಿದ್ದನ್ನು ತನಗೂ ಮಾಡಿಕೊಡಲು ಆಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು.

ಆಗಬಹುದು ಎಂದೆ. ಕಲಿತ ಪಾಠವಿತ್ತಲ್ಲ, ನಿಂತಲ್ಲೇ ನನ್ನ ಹರಕು ಹಿಂದಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಯಾರು ನೋಡುತ್ತಾರೆ, ಏನು ಬರೆಯುತ್ತಾರೆ, ಕೆಲಸ ಹೋಗುವುದಿಲ್ಲ, ಆದರೆ ಅಷ್ಟು ವಾರ ಕೆಲಸ ಬಿಟ್ಟು ಮನೆಯಲ್ಲಿರಬೇಕು. ಆ ವಾರಗಳಲ್ಲಿ ಕಾಯಿಲೆಯ ಭತ್ಯೆ ಎಷ್ಟು ಬರುತ್ತದೆ ಎಂದು ಕೇಳಿದರು. ಹೇಳಿದೆ. ಅದು ಸಂಬಳದ ಅರ್ಧವೂ ಆಗುತ್ತಿರಲಿಲ್ಲ. ಅವರು ತುಟಿ ಆಡಿಸುತ್ತ ಮನಸ್ಸಿನಲ್ಲೇ ಕೂಡಿ ಕಳೆದರು. ಕೋಣೆಯ ಬಾಡಿಗೆ, ಊರಿಗೆ ಕಳಿಸುವುದು, ಬಸ್ಸಿನ ಪಾಸು. ನಾನು ಕಾಯುತ್ತ ನಿಂತೆ. ಇನ್ನೇನಾದರೂ ದಾರಿ ಹೇಳೋಣವೆಂದರೆ ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ.

"ಪರವಾಗಿಲ್ಲ ದೀದಿ," ಎಂದರು ಕೊನೆಗೆ. ಕೈಗವಸುಗಳನ್ನು ಒಂದೊಂದಾಗಿ ಮತ್ತೆ ಏರಿಸಿಕೊಂಡು ಸಿಂಕಿನ ಕಡೆ ತಿರುಗಿದರು.